ಗ್ವಾದಲಿಗೆ ಬಿದ್ದ ಮದುವೆ ಊಟ

ನನ್ನ ಎಮ್ಮೆಯನ್ನು ಕೊಂದವನು ನನ್ನ ಗಂಡನ ದೊಡ್ಡಪ್ಪನ ಮಗ. ಅನ್ನ ಹಾಕಿ ಕೊಂದ. ಅನ್ನ ಹಾಕಿದ್ದಕ್ಕೇ ಊರಲ್ಲಿ ಯಾರೂ ಅದನ್ನು ಕೊಂದದ್ದು ಎಂದು ಒಪ್ಪಲಿಲ್ಲ. ವಿಷ ಹಾಕಿದ್ದರೆ ಪೊಲೀಸರಾದರೂ ಬರುತ್ತಿದ್ದರು.

ವರಸೆಯಲ್ಲಿ ಅವನು ನನಗೆ ಭಾವ. ಮಾತಾಡಬೇಕಾಗಿ ಬಂದರೆ ಇವತ್ತಿಗೂ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಹಚ್ಚುವುದಿಲ್ಲ.

ಎಮ್ಮೆ ಬಂದದ್ದು ಹುಕ್ಕೇರಿ ತಾಲೂಕಿನ ನನ್ನ ತವರಿನಿಂದ. ಅಣ್ಣ ಅದನ್ನು ಟೆಂಪೋಕ್ಕೆ ಹತ್ತಿಸಿ, ತಾನೂ ಹಿಂದೆ ಅದರ ಪಕ್ಕದಲ್ಲೇ ನಿಂತುಕೊಂಡು, ಹಗ್ಗ ಹಿಡಿದು ಮೂಡಲಗಿಯವರೆಗೆ ಬಂದಿದ್ದ. ಪಂಢರಪುರಿ ತಳಿ. ಕೋಡುಗಳು ಕುತ್ತಿಗೆಯ ಗುಂಟ ಹಿಂದಕ್ಕೆ ಚಾಚಿ ಹೆಗಲು ದಾಟಿದ್ದವು. ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಅದು ಸೊಟ್ಟಗೆ ಕತ್ತು ಹೊರಳಿಸಿ ನುಗ್ಗಬೇಕಿತ್ತು. ಎರಡು ಸಲ ಕೋಡು ತಗುಲಿದ ಮೇಲೆ ನನ್ನ ಗಂಡ ಚೌಕಟ್ಟನ್ನೇ ಕಿತ್ತು ಬಾಗಿಲು ಅಗಲ ಮಾಡಿಸಿದ. ಸಂಜೆ ನನ್ನ ಸ್ಕೂಟಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಒಂದು ಸಲ ಕೂಗುತ್ತಿತ್ತು. ಬೇರೆ ಯಾರ ಗಾಡಿಗೂ ಕೂಗುತ್ತಿರಲಿಲ್ಲ.

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಊರಿನ ಹೊರಗೆ, ರಸ್ತೆಗೆ ಅಂಟಿಕೊಂಡು ಇದೆ. ಹಿಂದೆ ಕಬ್ಬು. ಪಕ್ಕದ ಜಾಗ ಭಾವನದು. ಅಲ್ಲಿ ಅವನು ಮಂಗಲ ಕಾರ್ಯಾಲಯ ಕಟ್ಟಿಸಿದ. ಮುಂದೆ ಕಮಾನು, ಗಾಜಿನ ಬಾಗಿಲು, ವಧುವಿಗೆ ಎಸಿ ಕೋಣೆ, ಎಲ್ಲ ಇತ್ತು. ಉಳಿದ ಊಟ ಎಲ್ಲಿ ಹೋಗಬೇಕು ಎನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ. ಅಥವಾ ಯೋಚಿಸಿದ್ದ: ನಮ್ಮ ಕಡೆ. ನಮ್ಮಿಬ್ಬರ ಜಾಗದ ನಡುವೆ ಜಾಲಿ ಮುಳ್ಳಿನ ಬೇಲಿ ಇತ್ತು. ಪ್ರತಿ ಮದುವೆ ಮುಗಿದ ಮೇಲೆ ಅಡುಗೆಯವರು ಅನ್ನ, ಸಾರು, ಹೋಳಿಗೆ ಚೂರು, ಎಲೆ, ಎಲ್ಲವನ್ನೂ ಟಬ್ಬಿನಲ್ಲಿ ತಂದು ಬೇಲಿಯ ಮೇಲಿಂದ ಸುರಿಯುತ್ತಿದ್ದರು.

ಮೊದಲ ಸಲ ಮರ್ಯಾದೆಯಿಂದಲೇ ಹೋಗಿ ಹೇಳಿದೆ.

“ಭಾವಾರ, ನಿಮ್ಮ ಮಂದಿ ಉಳದದ್ದೆಲ್ಲಾ ನಮ್ಮ ಕಡೆ ಒಗಿಯಾಕತ್ತಾರ್ರಿ. ವಾಸನಿ ತಡ್ಕೊಳ್ಳಾಕ ಆಗವಲ್ದು.”

“ಅನ್ನಾ ಐತೇಳವಾ ಅದು. ಹೊಲಸಲ್ಲ. ನಾಯಿ ತಿಂತಾವ, ಕಾಗಿ ತಿಂತಾವ. ಪುಣ್ಯಾ ಬರೂದು ನಿಮ್ಮ ಜಾಗಾಕ್ಕ,” ಎಂದು ನಕ್ಕ.

ಎರಡನೆಯ ಸಲ ಮರ್ಯಾದೆ ಬಿಟ್ಟೆ. ಕಮಾನಿನ ಕೆಳಗೆ ಬೀಗರ ಜೊತೆ ನಿಂತಿದ್ದವನ ಎದುರಿಗೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ಅವನ ಮುಖದ ಬಣ್ಣ ಬದಲಾಯಿತು. ಆದರೂ ದನಿ ಏರಿಸಲಿಲ್ಲ.

“ಆತ್ರಿ ಬಾಯಾರ,” ಎಂದ. ನಮ್ಮ ಕಡೆ ಶಿಕ್ಷಕಿಯರನ್ನು ಮಕ್ಕಳು ಕರೆಯುವ ಹಾಗೆ, ಎಳೆದು. “ಇನ್ ಮ್ಯಾಲ ಒಗಿಯೂದಿಲ್ಲ. ಸರಿಯಾದ ಜಾಗಾಕ್ಕ ಇಡಸ್ತೀನಿ.”

ಆ ಸರಿಯಾದ ಜಾಗ ನಮ್ಮ ಎಮ್ಮೆಯ ಗ್ವಾದಲಿಯಾಗಿತ್ತು. ಅದರ ಮುಂದೆ ಮೇವು ಹಾಕಲು ಕಟ್ಟಿದ ತೊಟ್ಟಿ.

ಆ ದಿನ ನನ್ನ ಗಂಡ ಮೋಟಾರು ರಿಪೇರಿಗೆಂದು ಗೋಕಾಕಿಗೆ ಹೋಗಿದ್ದ. ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿದ್ದದ್ದು ನಮ್ಮ ಕೊಟ್ಟಿಗೆ ಕೆಲಸ ಮಾಡುವ ಮುದುಕಿಯೊಬ್ಬಳೇ. ಸಂಜೆ ನಾನು ಬಂದಾಗ ಎಮ್ಮೆ ಕೂಗಲಿಲ್ಲ. ಕಾಲು ಅಗಲಿಸಿ ನಿಂತು, ತಲೆ ಕೆಳಗೆ ಹಾಕಿ, ಹಲ್ಲು ಕಡಿಯುತ್ತಿತ್ತು. ಎಡಗಡೆಯ ಹೊಟ್ಟೆ ಉಬ್ಬಿತ್ತು. ಹಿಂದೆ ನೆಲದ ತುಂಬ ನೀರಿನಂಥ ಸೆಗಣಿ, ಅದರಲ್ಲಿ ಇಡೀ ಅನ್ನದ ಅಗುಳು. ಹುಳಿ ವಾಸನೆ. ತೊಟ್ಟಿಯ ತಳದಲ್ಲಿ ಬುಂದಿ ಕಾಳು ಇನ್ನೂ ಅಂಟಿಕೊಂಡಿದ್ದವು.

“ಯಾರ ಹಾಕಿದ್ರು?” ಎಂದೆ.

ಮುದುಕಿ ಹೆದರಿ ಹೇಳಿದಳು. “ಕಾರ್ಯಾಲಯದ ಸಾವ್ಕಾರ್ರ ನಿಂತು ಹಾಕಿಸಿದ್ರವಾ. ‘ಬಾಯಾರಿಗಿ ಸಿಟ್ಟ ಬಂದೈತಿ, ಅವರ ಎಮ್ಮಿಗೆ ಪಂಕ್ತಿ ಊಟಾ ಬಡಸ್ರಿ’ ಅಂದ್ರು. ಎಲ್ಲಾರೂ ನಕ್ರು. ತಿನ್ನೂದ ಐತಲಾ ಅಂತ ನಾನೂ ಸುಮ್ನಿದ್ನಿ. ಎಮ್ಮಿ ಅಂತೂ ತಲಿ ಎತ್ತಲಿಲ್ಲವಾ, ಅಷ್ಟ ರುಚಿ ಹತ್ತಿತ್ತ ಅದಕ.”

ಎಮ್ಮೆಗೆ ಎಂಟು ತಿಂಗಳ ಗಬ್ಬ.

ದನದ ಡಾಕ್ಟರು ಮೂಡಲಗಿಯಿಂದ ಬೈಕಿನಲ್ಲಿ ಬಂದರು. ಚಿಕ್ಕ ವಯಸ್ಸಿನವರು. ಬಾಯಿಯೊಳಗೆ ಕೊಳವೆ ಇಳಿಸಿದಾಗ ಹೊರಬಂದ ನೀರನ್ನು ಅಂಗೈಗೆ ಹಾಕಿಕೊಂಡು ಮೂಸಿದರು. ಅಡುಗೆ ಸೋಡಾ ಇದ್ದಷ್ಟೂ ತರಲು ಹೇಳಿದರು. ರಕ್ತನಾಳಕ್ಕೆ ಬಾಟಲಿ ಏರಿಸಿದರು. ಅದು ಇಳಿಯುವವರೆಗೆ ನನ್ನ ಪಕ್ಕ ಕೂತು, ನಾನು ವಿಜ್ಞಾನದ ಟೀಚರು ಎಂದು ತಿಳಿದು ಬಿಡಿಸಿ ಹೇಳಿದರು.

“ಎಮ್ಮಿ ಜ್ವಾಳದ ಕಣಿಕಿ ತಿಂತೈತಿ ಅಂತೀವಲ್ರಿ ಟೀಚರ್, ಖರೆ ಅಂದ್ರ ಕಣಿಕಿ ಕರಗಸೂದು ಅದರ ಹೊಟ್ಟ್ಯಾಗಿನ ಸೂಕ್ಷ್ಮಜೀವಿ. ಅವು ಅಲ್ಲಿ ಗಾಳಿ ಇಲ್ದ ಬದಕತಾವ. ಕಣಿಕಿ ಮುರದು ತಮಗ ಬೇಕಾದಷ್ಟ ಶಕ್ತಿ ತಗೊಂಡು, ಉಳದದ್ದನ್ನ ಹುಳಿ ಮಾಡಿ ಬಿಡತಾವ. ಆ ಹುಳೀನ ಎಮ್ಮಿಗೆ ಊಟ. ಅದೆಲ್ಲಾ ಸಾವಕಾಶ ನಡಿಯೂ ಕೆಲಸ. ಅನ್ನಾ, ಸಕ್ಕರಿ ತಿನ್ನೂವು ಬ್ಯಾರೆ ಜಾತಿ. ದಿನಾ ಅವು ಭಾಳ ಇರೂದಿಲ್ಲ. ಇವತ್ತ ಅವಕ್ಕ ಒಮ್ಮೆಲೆ ಇಷ್ಟ ಊಟಾ ಸಿಕ್ಕೈತಿ. ಒಂದಿದ್ದದ್ದು ಎರಡು, ಎರಡಿದ್ದದ್ದು ನಾಕು ಆಗಿ, ಮೊಸರಾಗ ಇರ್ತೈತಲ್ಲಾ, ಅದ ಹುಳೀನ ಹೊಟ್ಟಿ ತುಂಬ ಬಿಟ್ಟಾವ. ಕಣಿಕಿ ತಿನ್ನೂವು ಆ ಹುಳಿಯಾಗ ಸತ್ತ ಹೋಗ್ಯಾವ. ಈಗ ಹುಳಿ ರಕ್ತಕ್ಕ ಇಳದೈತಿ.”

“ಉಳೀತೈತೇನ್ರಿ?”

“ಮಧ್ಯಾಹ್ನನ ಕರದಿದ್ರ ಹೊಟ್ಟಿ ಕೊಯ್ದು ಎಲ್ಲಾ ಹೊರಗ ತಗಿತಿದ್ನಿ. ಬ್ಯಾರೆ ಎಮ್ಮಿ ಹೊಟ್ಟ್ಯಾಗಿನ ರಸಾ ತಂದ ಹಾಕಿ, ಸತ್ತ ಜೀವಾ ಮತ್ತ ಹುಟ್ಟಸಬಹುದಿತ್ತು. ಈಗ…” ಎಂದು ಬಾಟಲಿ ಕಡೆ ನೋಡಿದರು.

ಅವರು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಬಹಳ ಇರಲಿಲ್ಲ. ಹಾಲಿನ ಸಕ್ಕರೆಯನ್ನು ಬ್ಯಾಕ್ಟೀರಿಯಾ ಮುರಿದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಆ ಮುರಿಯುವಿಕೆಯಲ್ಲಿ ಸಿಗುವ ಇಷ್ಟೇ ಇಷ್ಟು ಶಕ್ತಿಯಿಂದ ಬದುಕುತ್ತವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಹಿಂದಿನ ಸಂಜೆ ನಾನೇ ಹೆಪ್ಪು ಹಾಕಿದ ಮೊಸರು ಒಳಗೆ ಗಡಿಗೆಯಲ್ಲಿತ್ತು. ಅದೇ ಕೆಲಸ, ಅದೇ ಹುಳಿ, ನನ್ನ ಎಮ್ಮೆಯೊಳಗೆ ನಡೆಯುತ್ತಿತ್ತು.

ಬೆಳಗಿನ ಹೊತ್ತಿಗೆ ಎಮ್ಮೆ ಸತ್ತಿತು. ಹೊಟ್ಟೆಯೊಳಗಿನ ಕರು ಅದಕ್ಕಿಂತ ಮೊದಲೇ ಅಲುಗಾಡುವುದನ್ನು ನಿಲ್ಲಿಸಿತ್ತು. ನನ್ನ ಕೈ ಅಲ್ಲೇ ಇತ್ತು.

ಕಬ್ಬಿನ ಬದುವಿನಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿದೆವು. ಓಣಿಯ ಜನ ಸೇರಿದರು. ಭಾವನೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ. ಗುಂಡಿಯ ಅಂಚಿನಲ್ಲಿ ನಿಂತು ಎಮ್ಮೆಯನ್ನು ನೋಡಿ, ಪಕ್ಕದವನಿಗೆ ಹೇಳಿದ ಹಾಗೆ ಎಲ್ಲರಿಗೂ ಹೇಳಿದ:

“ಊಟಾ ಹಾಕಿದ್ದಕ್ಕ ದನಾ ಸತ್ತೂ ಅಂದ್ರ ಯಾರರೆ ನಂಬತಾರೇನಪಾ? ನಾವೇನ್ ವಿಷಾ ಹಾಕೀವೇನು? ಹೊಟ್ಟಿ ತುಂಬ ಹೋಳಿಗಿ ಉಂಡ ಸತ್ತೈತಿ. ಸುಖದ ಸಾವ.”

ಇಬ್ಬರು ಮೂವರು ನಕ್ಕರು. ಯಾರು ಯಾರು ಎಂದು ಇವತ್ತಿಗೂ ಹೇಳಬಲ್ಲೆ.

ಎಲ್ಲರೂ ಹೋದ ಮೇಲೆ ನನ್ನ ಗಂಡ ಎಂದ: “ಮನಿತನದ ಮಾತ. ಹಿರ್ಯಾ ಅದಾನ. ಬಿಟ್ಟ ಬಿಡ.”

“ಬಿಡೂದಿಲ್ಲ,” ಎಂದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಹೇಗಿದ್ದೆ ಎಂದು ಬರೆಯುವುದು ಕಷ್ಟವಲ್ಲ. ಅದರಲ್ಲಿ ನನಗೆ ನಾಚಿಕೆಯೂ ಇಲ್ಲ. ರೊಟ್ಟಿ ಬಡಿಯುವಾಗ ಅವನನ್ನು ಬಡಿಯುತ್ತಿದ್ದೆ. ಕಾರ್ಯಾಲಯದಲ್ಲಿ ಬ್ಯಾಂಡು ಬಾರಿಸಿದರೆ ಕಿಟಕಿ ಮುಚ್ಚುತ್ತಿರಲಿಲ್ಲ. ಕೇಳುತ್ತಾ ಕೂತು ಸಿಟ್ಟನ್ನು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡಾಗ ಇನ್ನೊಬ್ಬರ ಕೇಡು ಬೇಡಬಾರದು ಎಂದು ನನ್ನ ಅವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ನಾನು ದಿನಾ ಬೆಳಗ್ಗೆ ಬೇಡಿದೆ. ಅವನ ಚಾವಣಿ ಬೀಳಲಿ ಎಂದು ಬೇಡಿದೆ. ಜನ ಒಳಗಿಲ್ಲದಾಗ ಬೀಳಲಿ ಎಂದು ಆಮೇಲೆ ತಿದ್ದಿದೆ. ಅಷ್ಟು ಬುದ್ಧಿ ಉಳಿದಿತ್ತು.

ಅವನು ಒಗೆಯುವುದನ್ನೂ ನಿಲ್ಲಿಸಿರಲಿಲ್ಲ. ಮತ್ತೆ ಬೇಲಿಯ ಮೇಲಿಂದಲೇ. ಮೇಲಂತಸ್ತಿನಲ್ಲಿ ಹೊಸ ಊಟದ ಹಾಲ್ ಕಟ್ಟಿಸಿದ್ದ. ಅದರ ಉದ್ಘಾಟನೆಗೆ ದೊಡ್ಡ ದೊಡ್ಡ ಮಂದಿ ಬರುವವರಿದ್ದರು. ನಮ್ಮ ಕೊಟ್ಟಿಗೆಯ ಕಡೆಯಿಂದ ಬೀಸುವ ಗಾಳಿ ನೆಟ್ಟಗೆ ಆ ಹಾಲ್‌ನ ಕಿಟಕಿಗೇ ಹೋಗುತ್ತದೆ ಎಂದು ಬಟ್ಟೆ ಒಣಹಾಕುವಾಗ ಗಮನಿಸಿದ್ದೆ.

ಗೋಕಾಕಿನ ಬಜಾರಿನಲ್ಲಿ ಹಳೆಯ ನೀಲಿ ಬ್ಯಾರಲ್ ಮಾರುವವನ ಹತ್ತಿರ ಬಿಗಿ ಮುಚ್ಚಳದ ದೊಡ್ಡ ಬ್ಯಾರಲ್ ತಂದೆ. “ಗೊಬ್ಬರಾ ಮಾಡ್ತೀನಿ,” ಎಂದು ಗಂಡನಿಗೆ ಹೇಳಿದೆ. ಬೇಲಿಯಾಚೆಯಿಂದ ಬಿದ್ದ ಅನ್ನ, ಬುಂದಿ, ಪಲ್ಯ, ಸಾರು ಎಲ್ಲವನ್ನೂ ಸಲಿಕೆಯಿಂದ ತುಂಬಿ, ಒತ್ತಿ, ಮುಚ್ಚಳ ಜಡಿದೆ. ತೆರೆದ ತಿಪ್ಪೆಯಲ್ಲಿ ಗಾಳಿಯಾಡಿದರೆ ಸೂಕ್ಷ್ಮಜೀವಿಗಳು ಆಹಾರವನ್ನು ಪೂರ್ತಿ ಉರಿಸಿಬಿಡುತ್ತವೆ. ಶಕ್ತಿಯೆಲ್ಲ ಅವಕ್ಕೆ, ಕೊನೆಗೆ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡು, ಸ್ವಲ್ಪ ಶಾಖ. ಯಾವುದಕ್ಕೂ ವಾಸನೆ ಇಲ್ಲ. ಗಾಳಿ ಇಲ್ಲದ ಕಡೆ ಅವು ಆಹಾರವನ್ನು ಅರ್ಧಕ್ಕೆ ಮುರಿದು ಬಿಟ್ಟುಬಿಡಬೇಕಾಗುತ್ತದೆ. ಆ ಅರ್ಧದ ಪದಾರ್ಥಗಳೇ ನಾರುವುದು: ವಾಂತಿಯ ಹುಳಿ, ಕೊಳೆತ ತತ್ತಿಯ ಅನಿಲ. ಇದನ್ನೆಲ್ಲ ಕಲಿತದ್ದು ಬಿಎಸ್ಸಿಯಲ್ಲಿ. ಇಂಥ ಕೆಲಸಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ. ಉದ್ಘಾಟನೆಯ ದಿನ ಎಲೆ ಹಾಸಿದ ಹೊತ್ತಿಗೆ ಮುಚ್ಚಳ ತೆಗೆಯುವುದು, ಅಷ್ಟೇ ನನ್ನ ಯೋಜನೆ.

ಬ್ಯಾರಲ್ ನನ್ನ ದಾರಿ ಕಾಯಲಿಲ್ಲ. ಉದ್ಘಾಟನೆಗೆ ಇನ್ನೂ ದಿನಗಳಿರುವಾಗ, ಸುಡುಬಿಸಿಲಿನ ಒಂದು ಭಾನುವಾರ ಮಧ್ಯಾಹ್ನ ಲಾರಿಯ ಟೈರು ಒಡೆದಂಥ ಸದ್ದಾಯಿತು. ಓಡಿ ಹೋಗಿ ನೋಡಿದರೆ ಮುಚ್ಚಳ ಹಾರಿ ಹೆಂಚು ಒಡೆದಿತ್ತು. ಕೊಟ್ಟಿಗೆಯ ಗೋಡೆ, ಒಣಹಾಕಿದ ಸೀರೆ, ಗಂಡನ ಬನಿಯನ್ನು, ಎಲ್ಲದರ ಮೇಲೂ ಆ ರಾಡಿ. ಜೀವಿಗಳು ಅನಿಲವನ್ನೂ ಬಿಡುತ್ತವೆ, ಅದಕ್ಕೆ ಹೊರಹೋಗಲು ದಾರಿ ಬೇಕು. ಬಾಟಲಿಗೆ ಬಲೂನು ಕಟ್ಟಿ ವರ್ಷಾ ವರ್ಷಾ ಮಕ್ಕಳಿಗೆ ಅದನ್ನೇ ತೋರಿಸುವ ನಾನು ಒಂದು ತೂತು ಬಿಡುವುದನ್ನು ಮರೆತಿದ್ದೆ.

ವಾಸನೆ ಓಣಿಯನ್ನೆಲ್ಲ ಹಿಡಿಯಿತು. ಜನ ಮೂಗು ಮುಚ್ಚಿಕೊಂಡು ಬಂದರು. ಭಾವ ಬೇಲಿಯಾಚೆ ಟಾವೆಲ್ಲು ಮೂಗಿಗೆ ಹಿಡಿದು ನಿಂತ.

“ಏನ್ರಿ ಬಾಯಾರ, ವಾಸನಿ ವಾಸನಿ ಅಂತ ನನಗ ಹೇಳಾಕ ಬರ್ತಿದ್ರಿ. ನೀವ ಮನ್ಯಾಗ ಕಾರಖಾನಿ ಇಟ್ಟೀರಲಾ!”

ಸುತ್ತಲಿನವರು ನಕ್ಕರು. ಈ ಸಲ ಹೆಚ್ಚು ಜನ. ನನ್ನ ಗಂಡ ಸಂಜೆಯವರೆಗೆ ಗೋಡೆ ತಿಕ್ಕಿದ. ಮರುದಿನ ಅಂಕಲಗಿಯ ತನ್ನ ತಂಗಿಯ ಮನೆಗೆ ಹೋಗಿ, ಕರೆದರೂ ಕೆಲವು ದಿನ ಬರಲಿಲ್ಲ. ಉದ್ಘಾಟನೆ ಅದ್ದೂರಿಯಾಗಿ ನಡೆಯಿತು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಆ ದಿನ ನನಗಿದ್ದದ್ದು ದುಃಖವಲ್ಲ, ಎರಡು ಪಟ್ಟು ದ್ವೇಷ.

ಆದರೂ ಆ ಬ್ಯಾರಲ್ ಒಂದು ಕೆಲಸ ಮಾಡಿತ್ತು. ಅದರಲ್ಲಿದ್ದದ್ದು ಯಾರ ಊಟ ಎಂದು ಓಣಿಯವರೆಲ್ಲ ಕಣ್ಣಾರೆ ನೋಡಿದ್ದರು. ಪುರಸಭೆಯವರು ಬಂದು ನನ್ನನ್ನು ಬೈದರು, ಆಮೇಲೆ ಬೇಲಿಯ ಗುಂಟ ನಡೆದು ನೋಡಿ ಅವನನ್ನೂ ಬೈದರು. ಇನ್ನು ಮುಂದೆ ಹೊರಗೆ ಒಂದು ಅಗುಳೂ ಬೀಳಬಾರದು ಎಂದರು. ಭಾವ ಬೇಲಿಯ ಜಾಗದಲ್ಲಿ ಎತ್ತರದ ಗೋಡೆ ಕಟ್ಟಿಸಿದ. ನಿಡಸೋಸಿ ಕಡೆ ಇಂಜಿನಿಯರಿಂಗ್ ಓದುವ ಹುಡುಗರನ್ನು ಹಿಡಿದು, ಉಳಿದ ಊಟದಿಂದ ಗ್ಯಾಸು ಮಾಡುವ ಟ್ಯಾಂಕು, ನಮ್ಮ ಮಾತಿನಲ್ಲಿ ಟಾಕಿ, ಹಾಕಿಸಿದ. ಕಾರ್ಯಾಲಯದ ಚಹಾ ಅದೇ ಗ್ಯಾಸಿನಲ್ಲಿ ಕುದಿಯತೊಡಗಿತು. ನೀಲಿ ಉರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಎಲ್ಲರ ಮೊಬೈಲಿಗೂ ಆ ಫೋಟೋ ಬಂತು, ನನ್ನದಕ್ಕೂ. ‘ಅನ್ನ ಕೆಡಿಸಬಾರದು ಅನ್ನೂದು ನಮ್ಮ ಮನಿ ಸಂಸ್ಕಾರ’ ಎಂದು ಕೆಳಗೆ ಬರೆದಿತ್ತು. ಓದಿ ಮೈಯೆಲ್ಲ ಉರಿಯಿತು. ನಾನು ಅವನನ್ನು ಹಾಳು ಮಾಡಲು ಹೋಗಿ ಅವನಿಗೆ ಹೆಸರು ತಂದುಕೊಟ್ಟಿದ್ದೆ.

ಅಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಹೆಡ್‌ಮಾಸ್ತರು ಎಂಟನೆಯ ತರಗತಿಯನ್ನು ಆ ಟಾಕಿ ನೋಡಲು ಕರೆದುಕೊಂಡು ಹೋಗಬೇಕೆಂದರು. ವಿಜ್ಞಾನದ ಟೀಚರು ನಾನೇ. ಸಾಲು ಹಿಡಿಸಿ ನಡೆಸಿಕೊಂಡು ಹೋದೆ. ಭಾವ ಮಕ್ಕಳಿಗೆಲ್ಲ ಪೇಡೆ ಹಂಚಿ, ಟಾಕಿಯ ಮೇಲೆ ಕೈಯಿಟ್ಟು ಭಾಷಣ ಮಾಡಿದ. “ಇದರಾಗ ಊಟಾ ಹಾಕಿದ್ರ ಕೊಳಿತೈತಿ, ಕೊಳತರ ಗ್ಯಾಸ ಬರ್ತೈತಿ. ಇಷ್ಟ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು. “ಅಜ್ಜಾರ, ಇದಕ್ಕ ಮುಚ್ಚಳಾ ಬಿಗಿ ಐತಲ್ರಿ, ಗಾಳಿ ಇಲ್ದ ಒಳಗ ಜೀವಾಣು ಹೆಂಗ ಬದಕತಾವ್ರಿ?”

‘ಅಜ್ಜಾರ’ ಎಂದದ್ದಕ್ಕೆ ನನಗೆ ಆ ಹುಡುಗಿಯ ಮೇಲೆ ಬಹಳ ಪ್ರೀತಿ ಬಂತು. ಭಾವ ತಲೆ ಕೆರೆದು, “ಅದನ್ನ ನಿಮ್ಮ ಬಾಯಾರ ಹೇಳ್ತಾರ,” ಎಂದ.

ಹೇಳಿದೆ. ಗಾಳಿ ಇರುವ ಕಡೆ ಬದುಕುವ ಜೀವಿ ಒಂದು ಸಕ್ಕರೆ ಕಣದಿಂದ ಬಹಳಷ್ಟು ಶಕ್ತಿ ತೆಗೆಯುತ್ತದೆ, ಗಾಳಿ ಇಲ್ಲದ ಕಡೆಯದಕ್ಕೆ ಸಿಗುವುದು ಸ್ವಲ್ಪ. ಹಾಗಾಗಿ ಅದು ಬಹಳ ತಿನ್ನಬೇಕು, ಬಹಳ ಹೊರಬಿಡಬೇಕು. ಟಾಕಿಯೊಳಗೆ ಎರಡು ಬಗೆಯವು ಇವೆ. ಮೊದಲನೆಯವು ಅನ್ನ ಸಕ್ಕರೆ ಮುರಿದು ಹುಳಿ ಮಾಡುತ್ತವೆ, ಅವು ಅವಸರದವು. ಎರಡನೆಯವು ಆ ಹುಳಿಯನ್ನೇ ಉಂಡು ಉರಿಯುವ ಗ್ಯಾಸು ಬಿಡುತ್ತವೆ, ಅವು ನಿಧಾನದವು. “ಮೊದಲಿನವು ಬಿಟ್ಟದ್ದು ಎರಡನೇದವಕ್ಕ ಊಟ. ಇವು ಉಣ್ಣೂ ವೇಗಕ್ಕ ಅವು ಬಡಸಬೇಕು,” ಎಂದೆ.

ನಾನು ಇದನ್ನು ಹೇಳುತ್ತಿರುವಾಗಲೇ ಆಳುಗಳು ಹಿಂದಿನ ದಿನದ ಮದುವೆಯ ಅನ್ನ, ಶಿರಾ, ಬುಂದಿಯನ್ನೆಲ್ಲ ತಂದು ಒಂದೇ ಸಲಕ್ಕೆ ಟಾಕಿಯ ಬಾಯಿಗೆ ಸುರಿದರು. ದಿನಕ್ಕೆ ಇಷ್ಟೇ ಬಕೆಟ್ಟು, ಹೆಚ್ಚು ಬೇಡ ಎಂದು ಇಂಜಿನಿಯರಿಂಗ್ ಹುಡುಗರು ಗೋಡೆಯ ಮೇಲೆ ಬಣ್ಣದಲ್ಲಿ ಬರೆದು ಹೋಗಿದ್ದರು. ಯಾರೂ ಅದರತ್ತ ನೋಡಲಿಲ್ಲ. ಲಗ್ನದ ಸುಗ್ಗಿ ಆಗಷ್ಟೇ ಶುರುವಾಗಿತ್ತು.

ಈ ಟಾಕಿಗೆ ಏನಾಗುತ್ತದೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದನೋ ಏನೋ. ನಾನು ಮಕ್ಕಳನ್ನು ಸಾಲು ಹಿಡಿಸಿ ವಾಪಸು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಎಷ್ಟು ಹಗುರವಾಗಿ ನಡೆದೆನೆಂದರೆ, ಜೊತೆಯ ಟೀಚರು “ಏನ್ರಿ ಇವತ್ತ ಭಾರೀ ಖುಷಿಲಿ ಅದೀರಿ?” ಎಂದು ಕೇಳಿದರು.

ಆ ಲಗ್ನಸುಗ್ಗಿ ಮುಗಿಯುವ ಮೊದಲೇ ಚಹಾದ ಒಲೆ ಹೊತ್ತುವುದು ನಿಂತಿತು. ಕಡ್ಡಿ ಗೀರಿದರೆ ಪುಸ್ ಎಂದು ಆರುತ್ತಿತ್ತಂತೆ. ಆಮೇಲೆ ವಾಸನೆ ಶುರುವಾಯಿತು. ಹುಳಿ, ಕರುಳು ಕಿತ್ತು ಬರುವಂಥದ್ದು. ಎತ್ತರದ ಗೋಡೆ ಇದ್ದದ್ದರಿಂದ ಅದು ನಮ್ಮ ಕಡೆ ಬರಲಿಲ್ಲ, ನೆಟ್ಟಗೆ ಮೇಲಂತಸ್ತಿನ ಹೊಸ ಊಟದ ಹಾಲ್‌ಗೆ ಏರಿತು. ಒಂದು ಮದುವೆಯಲ್ಲಿ ಬೀಗರು ಅರ್ಧ ಊಟಕ್ಕೇ ಎದ್ದರು ಎಂದು ನಮ್ಮ ಮುದುಕಿ ಸುದ್ದಿ ತಂದಳು. ಇನ್ನೊಮ್ಮೆ ಹೇಳು ಎಂದು ಅವಳಿಂದ ಎರಡು ಸಲ ಹೇಳಿಸಿಕೊಂಡೆ. ಟಾಕಿ ಹಾಕಿದ ಹುಡುಗರು ಓದು ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಭಾವನಿಗೆ ತಿಳಿಯಲಿಲ್ಲ. ಮುಂದಿನ ವಾರ ಗೋಕಾಕಿನ ದೊಡ್ಡ ಮನೆತನವೊಂದರ ಮದುವೆ ಅಲ್ಲಿ ನಿಗದಿಯಾಗಿತ್ತು.

ಒಂದು ಬೆಳಗ್ಗೆ ಅವನೇ ನಮ್ಮ ಕಟ್ಟೆ ಹತ್ತಿ ಬಂದು ಕೂತ. ನಾನು ಹೊಸ ಎಮ್ಮೆಯ ಹಾಲು ಹಿಂಡಿ ಕೈ ತೊಳೆಯುತ್ತಿದ್ದೆ. ಗಂಡ ಅಲ್ಲೇ ಕೂತಿದ್ದ. ಮುದುಕಿ ಸೆಗಣಿ ಬಾಚುತ್ತಿದ್ದಳು.

“ಟಾಕಿ ಕೆಟ್ಟೈತಿ,” ಎಂದ ಭಾವ. “ನಿಮಗ ತಿಳೀತೈತಂತ ಎಲ್ಲಾರೂ ಅಂತಾರ.”

“ತಿಳೀತೈತ್ರಿ.”

“ಮತ್ತ ಹೇಳ್ರಿ.”

“ನಮ್ಮ ಎಮ್ಮಿಗೆ ಏನ್ ಆಗಿತ್ತೋ ಅದ ಆಗೈತ್ರಿ ಭಾವಾರ. ಎಮ್ಮಿಗೆ ಏನ್ ಆಗಿತ್ತು ಅಂತ ಮೊದಲ ನೀವ ಹೇಳ್ರಿ.”

ಅವನು ನನ್ನ ಗಂಡನ ಕಡೆ ನೋಡಿದ. ಮನೆತನದ ಮಾತು ಬರುತ್ತದೆ ಎಂದು ನಾನೂ ಕಾದೆ. ನನ್ನ ಗಂಡ ಚಹಾದ ಬಟ್ಟಲು ಕೆಳಗಿಟ್ಟ. “ಹೇಳ ಅಣ್ಣಾ,” ಎಂದ. ಅಷ್ಟೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ನನಗೆ ಅದರಷ್ಟು ಸೇರಿದ್ದು ಇನ್ನೊಂದಿಲ್ಲ.

“ಅನ್ನಾ ಹೆಚ್ಚಾತು,” ಎಂದ ಭಾವ.

“ಯಾರ ಹಾಕಿದ್ರು?”

“ಆಳ ಮಂದಿ.”

“ಯಾರ ಹಾಕಿಸಿದ್ರು?”

ಮುದುಕಿ ಬಾಚುವುದನ್ನು ನಿಲ್ಲಿಸಿದಳು. ಅವನು ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಎದ್ದು ಹೋಗುತ್ತಾನೆ ಎಂದುಕೊಂಡೆ. ಗೋಕಾಕಿನವರ ಮದುವೆ ಅವನನ್ನು ಅಲ್ಲೇ ಕೂರಿಸಿತು.

“ನಾ ಹಾಕಿಸಿದೆ,” ಎಂದ. ನಮ್ಮ ಅಂಗಳಕ್ಕೆ ಎಂಜಲು ಒಗೆದ ಹಾಗೆಯೇ ಆ ಮಾತನ್ನೂ ಒಗೆದ.

ಊರೆಲ್ಲ ಸೇರಿದ ಗುಂಡಿಯ ಅಂಚಿನಲ್ಲಿ ಆಡಬೇಕಿದ್ದ ಮಾತು ಅದು. ಇಲ್ಲಿ ಕೇಳಿದವರು ನಾವು ಮೂವರೇ. ನನಗೆ ಸಾಲಲಿಲ್ಲ.

“ಹುಳಿ ಮಾಡೂವು ಹೆಚ್ಚಾಗಿ, ಗ್ಯಾಸ ಮಾಡೂವು ಸತ್ತಾವ್ರಿ,” ಎಂದೆ. “ಮೊದಲ ಊಟಾ ಹಾಕೂದ ನಿಲ್ಲಸ್ರಿ. ಸುಣ್ಣದ ನೀರ ಸ್ವಲ್ಪ ಸ್ವಲ್ಪ ಬಿಡ್ರಿ. ಆಮ್ಯಾಲ ಹಸೀ ಹೆಂಡಿ ಹಾಕಬೇಕು. ಸತ್ತ ಜೀವಾ ಮತ್ತ ಹುಟ್ಟೂದು ಅದರಿಂದನ. ಹೆಂಡಿ ನಮ್ಮ ಕೊಟ್ಟಿಗ್ಯಾಗ ಐತಿ, ತಗೊಂಡ ಹೋಗ್ರಿ.”

“ಆಳ ಕಳಸ್ತೀನಿ,” ಎಂದು ಎದ್ದ.

“ಆಳಿನ ಕೈಯಾಗ ಕೊಡೂದಿಲ್ರಿ. ನೀವ ಹೊರಬೇಕು.”

ಬೇರೆ ಮನೆಯಿಂದ ಸೆಗಣಿ ತರಿಸಬಹುದಿತ್ತು. ಮೂಡಲಗಿಯಲ್ಲಿ ದನಗಳಿಗೇನು ಬರ? ಅವನಿಗೆ ಅದು ಹೊಳೆಯಲಿಲ್ಲವೋ, ನಮ್ಮ ಎಮ್ಮೆಯ ಸೆಗಣಿಯೇ ಬೇಕೆಂದು ನಂಬಿದನೋ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಅವನು ಕಟ್ಟಿಸಿದ ಗೋಡೆಯಿಂದಾಗಿ ಈಗ ಹಿತ್ತಲಿನಿಂದ ದಾರಿ ಇರಲಿಲ್ಲ. ರಸ್ತೆಯ ಮೇಲೆ, ಚಹಾದಂಗಡಿ, ಗೊಬ್ಬರದಂಗಡಿ, ಬಸ್ಸಿಗೆ ಕಾಯುವವರು, ಎಲ್ಲರ ಮುಂದೆ ಹಾದು ತನ್ನ ಕಮಾನಿನೊಳಗೆ ಹೋಗಬೇಕಿತ್ತು. ಅಂಗಿಯ ತೋಳು ಮಡಚಿದ. ಟಾವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡ. ಮುದುಕಿ ಬುಟ್ಟಿ ತುಂಬಿ ಎತ್ತಿಕೊಟ್ಟಳು, ಸ್ವಲ್ಪ ತೆಳ್ಳಗಿದ್ದದ್ದನ್ನೇ ಆರಿಸಿ. ನಾನು ಕುರ್ಚಿ ತಂದು ಗೇಟಿನ ಬಳಿ ಹಾಕಿಕೊಂಡು ಕೂತೆ. ಶಾಲೆಗೆ ರಜೆ ಎಂದು ಫೋನು ಮಾಡಿದೆ.

“ಸಾವ್ಕಾರ್ರ, ಏನ್ರಿ ಇದು, ನೀವ?” ಎಂದು ಚಹಾದಂಗಡಿಯವನು ಎದ್ದು ನಿಂತ.

“ಗ್ಯಾಸಿಗೆ,” ಎಂದ ಭಾವ, ಕತ್ತು ಅಲುಗಿಸದೆ.

ಹೋದ, ಬಂದ, ಮತ್ತೆ ಹೋದ. ಬಿಸಿಲೇರಿತು. ರಾಡಿ ಅವನ ಹಣೆಯ ವಿಭೂತಿಯ ಮೇಲಿಂದ ಕೆನ್ನೆಗೆ ಇಳಿದಿತ್ತು. ಗುಂಡಿಯ ಹತ್ತಿರ ನಕ್ಕವರಲ್ಲಿ ಒಬ್ಬ ಗೊಬ್ಬರದಂಗಡಿಯ ಮುಂದೆ ನಿಂತಿದ್ದ. ಅವನು ನಗಲಿಲ್ಲ. ನಾನು ಅವನನ್ನೇ ನೋಡಿದೆ. ನೆಲ ನೋಡಿದ.

ಟಾಕಿಗೆ ಬೇಕಾದಷ್ಟು ಸೆಗಣಿ ಎಂದೋ ಮುಟ್ಟಿತ್ತು. ಭಾವ ಬುಟ್ಟಿ ಕೆಳಗಿಟ್ಟು, ಏದುಸಿರು ಬಿಡುತ್ತಾ “ಸಾಕೇನ್ರಿ?” ಎಂದ.

“ಇನ್ನೊಂದ ಬುಟ್ಟಿ,” ಎಂದೆ.

ಗ್ಯಾಸು ನಿಧಾನಕ್ಕೆ ಬಂತು. ಗೋಕಾಕಿನವರ ಮದುವೆಗೆ ಬರಲಿಲ್ಲ, ಆದರೆ ವಾಸನೆ ತಗ್ಗಿತ್ತಂತೆ. ಸುಗ್ಗಿ ಮುಗಿಯುವ ಹೊತ್ತಿಗೆ ಒಲೆ ಹೊತ್ತಿತು. ಸೆಗಣಿ ಹಾಕುವ ಉಪಾಯ ತನ್ನದೇ ಎಂದು ಅವನು ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ, ಹೊತ್ತದ್ದನ್ನು ಊರು ನೋಡಿದೆ. ನನ್ನನ್ನು ಈಗ ‘ಬಾಯಾರ’ ಎಂದು ಎಳೆದು ಕರೆಯುವುದಿಲ್ಲ. ಎದುರು ಬಂದರೆ ಆ ಕಡೆ ರಸ್ತೆ ದಾಟುತ್ತಾನೆ.

ಸುದ್ದಿ ಹುಕ್ಕೇರಿ ಮುಟ್ಟಿ ಅಣ್ಣ ಫೋನು ಮಾಡಿದ. ಎಲ್ಲವನ್ನೂ ಹೇಳಿಸಿಕೊಂಡು ಬಹಳ ಹೊತ್ತು ನಕ್ಕ. ಆಮೇಲೆ, “ಈಗರೆ ಸಮಾಧಾನ ಆತಿಲ್ಲವಾ ತಂಗಿ?” ಎಂದ.

“ಇಲ್ಲೋ ಅಣ್ಣಾ,” ಎಂದೆ. “ಮತ್ತೊಮ್ಮೆ ಹೊರಸಬೇಕನಸ್ತೈತಿ.”